ಹೈಡ್ರೋಜನ್ ಕುಡಿಸಿ ಸಾಕಿದ್ದು

"ಎಂತ ಮಾಷ್ಟ್ರೇ, ಗಾಳಿ ಕುಡಿಸಿ ಸಾಕ್ಲಿಕ್ಕುಂಟಾ?" ಅಂತ ನಮ್ಮ ಕೆಮಿಸ್ಟ್ರಿಯವರು ನಕ್ಕು ಎರಡು ಮಳೆಗಾಲ ಕಳೆಯಿತು. ಈಗ ಬದಿಯಡ್ಕದ ಬೈಲುಗದ್ದೆಯ ಭತ್ತದ ಬೇರಿನಿಂದ ತಂದ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಹಳದಿಯಾಗಿ, ಲೋಳೆಯಾಗಿ ಕೂತಿದೆ. ಹೈಡ್ರೋಜನ್ ಉರಿಸಿ ಬದುಕುವ, ಗಾಳಿಯ ಸಾರಜನಕವನ್ನೇ ಹಿಡಿದು ಬಳಸುವ ಕ್ಸಾಂಥೋಬ್ಯಾಕ್ಟರ್ ಅಂತ ನನ್ನ ಅಂದಾಜು. ಅದನ್ನು ಬೆಳೆಸುವ ಮೀಡಿಯಂನಲ್ಲಿ ಸಕ್ಕರೆಯೂ ಇಲ್ಲ, ಅಮೋನಿಯವೂ ಇಲ್ಲ.

ಹೈಡ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ವಿಚಾರಿಸಿದರೆ 15,000ದ ಮೇಲೆ ಹೇಳಿದರು. ಬಿಟ್ಟೆ. ಹಳೆ ಮೊಬೈಲ್ ಚಾರ್ಜರು, ಎರಡು ಸ್ಟೀಲ್ ಚಮಚ ಹಿಡಿದು ನೀರಿಗೆ ಕರೆಂಟು ಕೊಟ್ಟು ಹೈಡ್ರೋಜನ್ ಮಾಡಿಕೊಂಡೆ. ಮೊದಲ ಸಲ ನೀರಿಗೆ ಅಡುಗೆ ಉಪ್ಪು ಹಾಕಿದ್ದು ದಡ್ಡತನ. ಕ್ಲೋರಿನ್ ಘಾಟಿಗೆ ಕೋಣೆ ಬಿಟ್ಟು ಓಡಿದೆ. ಆಮೇಲೆ ವಾಷಿಂಗ್ ಸೋಡ. 2 ಆಂಪಿಯರಿನಲ್ಲಿ 1 ಲೀಟರ್ ಹೈಡ್ರೋಜನ್‌ಗೆ ಒಂದು ಗಂಟೆಯ ಮೇಲೆ ಚೂರು ಹಿಡಿಯುತ್ತದೆ. ಫುಟ್‌ಬಾಲ್ ಬ್ಲಾಡರಿನಲ್ಲಿ ತುಂಬಿಟ್ಟರೆ ಬೆಳಗ್ಗೆ ಅರ್ಧ ಇಳಿದಿರುತ್ತಿತ್ತು. ಈಗ ಉಪ್ಪುನೀರಿನ ಮೇಲೆ ಕವುಚಿಟ್ಟ ಗಾಜಿನ ಜಾಡಿಯೇ.

ನಿಜವಾಗಿ ಸತಾಯಿಸಿದ್ದು ಆಕ್ಸಿಜನ್. ಹೈಡ್ರೋಜನ್ ಉರಿಸಿ ಬದುಕಲು ಅದು ಬೇಕು, ಹೆಚ್ಚಾದರೆ ಸಾರಜನಕ ಹಿಡಿಯುವ ಕಿಣ್ವ ನೈಟ್ರೋಜಿನೇಸ್ ಕೆಡುತ್ತದೆ. ಅರ್ಧಕ್ಕರ್ಧ ಗಾಳಿ ಬಿಟ್ಟ ಮೂರು ಜಾಡಿಗಳಲ್ಲಿ ಏನೂ ಬರಲಿಲ್ಲ. ಅವುಗಳ ಹತ್ತಿರ ಯಾರೂ ಬೆಂಕಿಕಡ್ಡಿ ಗೀರದಿದ್ದದ್ದು ನನ್ನ ಪುಣ್ಯ. ಈಗ ನೂರರಲ್ಲಿ 75 ಹೈಡ್ರೋಜನ್, 10 ಕಾರ್ಬನ್ ಡೈಆಕ್ಸೈಡ್, 15 ಮಾಮೂಲಿ ಗಾಳಿ. ಆಕ್ಸಿಜನ್ 3ರ ಸುಮಾರಿಗೆ ನಿಲ್ಲುತ್ತದೆ, ಸಾರಜನಕ ಅದೇ ಗಾಳಿಯೊಟ್ಟಿಗೆ ಬರುತ್ತದೆ. ಇನ್ನೊಂದು ಸಿಲಿಂಡರಿನ ಖರ್ಚೂ ಉಳಿಯಿತು. ದಿನಕ್ಕೊಮ್ಮೆ ಸಿರಿಂಜಿನಲ್ಲಿ ಚೂರು ಗಾಳಿ.

ಒಮ್ಮೆ ಕಾಲನಿ ಬಂತೆಂದು ಸ್ಟಾಫ್ ರೂಮಿಗೆಲ್ಲ ಲಾಡು ಹಂಚಿದೆ. ಮರುವಾರ ನೋಡಿದರೆ ಹೈಡ್ರೋಜನ್ ಇಲ್ಲದ ಜಾಡಿಯಲ್ಲೂ ಅದೇ ಕಾಲನಿ! ಮೀಡಿಯಂ ಗಟ್ಟಿಯಾಗಲು ಹಾಕುವ ಅಗರ್‌ನ ಕಲ್ಮಶವನ್ನೇ ತಿಂದು ಬೆಳೆದಿತ್ತು. ಅಗರ್ ಮೂರು ಸಲ ತೊಳೆದ ಮೇಲೆ ಆ ಪೀಡೆ ತೊಲಗಿತು. ಕೊನೆಗೆ ಬೀಗ ತೆರೆದದ್ದು ನಿಕ್ಕಲ್. ಹೈಡ್ರೋಜನ್ ಉರಿಸುವ ಕಿಣ್ವ ಹೈಡ್ರೋಜಿನೇಸಿಗೆ ಅದು ಬೇಕೇ ಬೇಕು, ನಾನು ಮೀಡಿಯಂಗೆ ಹಾಕುತ್ತಿದ್ದ ಇಡಿಟಿಎ ಅನ್ನುವ, ಲೋಹಗಳಿಗೆ ಅಂಟಿಕೊಳ್ಳುವ ರಾಸಾಯನಿಕ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಎಷ್ಟು, ಯಾವ ದಿನ ಹಾಕಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಲೋಳೆಯನ್ನು ಎರಡು ಮೆಣಸಿನ ಗಿಡಕ್ಕೂ ಹೊಯ್ದು ನೋಡಿದೆ. ಒಂದು ಚಿಗುರಿತು, ಇನ್ನೊಂದನ್ನು ಬಸವನಹುಳ ಮೇಯ್ದಿತು. ಲೆಕ್ಕಕ್ಕಿಲ್ಲ.

ಹೈಡ್ರೋಜನ್ ಖರ್ಚಾಗಿ ಜಾಡಿಯೊಳಗೆ ನೀರು ಏರಿದ್ದನ್ನು ತೋರಿಸಿದರೆ ಕೆಮಿಸ್ಟ್ರಿಯವರು, "ಕಾರ್ಬನ್ ಡೈಆಕ್ಸೈಡ್ ಕರಗಿದ್ದು ಮಾರಾಯ್ರೆ" ಅಂದರು. ಸರಿ, ಅದೇ ಗ್ಯಾಸ್ ತುಂಬಿ, ಬ್ಯಾಕ್ಟೀರಿಯಾ ಇಲ್ಲದ ಖಾಲಿ ಪ್ಲೇಟಿಟ್ಟ ಇನ್ನೊಂದು ಜಾಡಿ ಪಕ್ಕದಲ್ಲಿಟ್ಟು, ಎರಡಕ್ಕೂ ಮಾರ್ಕರಿನಲ್ಲಿ ಗೆರೆ ಎಳೆದೆ. ನಾಲ್ಕನೇ ದಿನ ಖಾಲಿಯದರಲ್ಲಿ ಅರ್ಧ ಬೆರಳು, ನನ್ನದರಲ್ಲಿ ಎರಡು. ಅವರು ಬಗ್ಗಿ ಎರಡೂ ಗೆರೆ ನೋಡಿ, ಕನ್ನಡಕ ಒರೆಸಿಕೊಂಡು ಮೆಲ್ಲ ಕೇಳಿದರು: "ನಿಕ್ಕಲ್ ಎಷ್ಟು ಹಾಕಿದ್ದು?"