ನೋಟ್ಸ್ ಪಿಡಿಎಫ್ ಮಾರುವವರು ಇದನ್ನೊಮ್ಮೆ ಓದಿ
ಹೋದ ತಿಂಗಳು ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕೌಂಟರ್ ಮೇಲೆ ಸ್ಪೈರಲ್ ಹಾಕಿದ ಪುಸ್ತಕ. ತೆರೆದು ನೋಡಿದರೆ ನನ್ನದೇ ವ್ಯಾಕರಣದ ನೋಟ್ಸ್! ಸಮಾಸದ ಪುಟದಲ್ಲಿ ನಾನು ಮಾಡಿದ ತಪ್ಪು ಕೂಡ ಹಾಗೇ ಇತ್ತು. 80 ರೂಪಾಯಿ ಕೊಟ್ಟು ನನ್ನ ನೋಟ್ಸ್ ನಾನೇ ಕೊಂಡೆ. ಸಾಕ್ಷಿಗೆ ಬೇಕಲ್ವಾ?

ಈಗ ಎಲ್ಲರಿಗೂ ಒಂದೇ ಪಿಡಿಎಫ್ ಕಳಿಸುವುದಿಲ್ಲ. ಪ್ರತಿ ಪುಟದ ನಡುವೆ, ಅಕ್ಷರಗಳ ಹಿಂದೆ ಓರೆಯಾಗಿ, ಕೊಂಡವರ ಹೆಸರು ಮತ್ತು ಮೊಬೈಲ್‌ನ ಕೊನೆಯ 4 ಅಂಕಿ ವಾಟರ್‌ಮಾರ್ಕ್ ಹಾಕುತ್ತೇನೆ. ಬಣ್ಣ ತಿಳಿ ಬೂದಿ ಇರಲಿ, ಓದಲು ಅಡ್ಡಿಯಾಗಬಾರದು. ಅಂಚಿನಲ್ಲಿ ಹಾಕಿದರೆ ಸುಮ್ನೆ ಕತ್ತರಿಸಿಬಿಡುತ್ತಾರೆ. 40 ಜನರಿಗೆ ಒಂದು ಸಂಜೆ ಹಿಡಿಯಿತು. ಆದರೆ ತನ್ನ ಹೆಸರಿರುವ ಫೈಲ್ ಹಂಚಲು ಯಾರಾದರೂ ಹಿಂದೆಮುಂದೆ ನೋಡುತ್ತಾರೆ.

ಪಾಸ್‌ವರ್ಡ್ ನಂಬಬೇಡಿ, ಫೈಲ್ ಜೊತೆ ಅದೂ ಊರು ಸುತ್ತುತ್ತದೆ. ಗೂಗಲ್ ಡ್ರೈವ್‌ನಲ್ಲಿ ಶೇರ್ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್, ಪ್ರಿಂಟ್, ಕಾಪಿಯ ಟಿಕ್ ತೆಗೆಯಿರಿ. ಟೆಲಿಗ್ರಾಂ ಗ್ರೂಪಿನಲ್ಲೂ ಸೇವ್, ಫಾರ್ವರ್ಡ್ ತಡೆಯುವ ಆಯ್ಕೆ ಇದೆ. ಯೂಟ್ಯೂಬ್‌ನ ಅನ್‌ಲಿಸ್ಟೆಡ್ ವಿಡಿಯೊ ಲಿಂಕ್ ಸಿಕ್ಕವರೆಲ್ಲರಿಗೂ ಕಾಣುತ್ತದೆ, ಹುಷಾರು. ಇನ್ನೊಂದು ಫೋನಿನಿಂದ ಫೋಟೊ ತೆಗೆಯುವವರನ್ನಂತೂ ಯಾವ ಸೆಟ್ಟಿಂಗೂ ತಡೆಯುವುದಿಲ್ಲ.

1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಸ್ವಂತವಾಗಿ ಬರೆದ ಕೂಡಲೇ ಹಕ್ಕು ನಿಮ್ಮದು. ಅಂಗಡಿಯವರಿಗೆ ಇಷ್ಟನ್ನೇ ಸಮಾಧಾನದಿಂದ ಹೇಳಿದೆ. ಉಳಿದ ಪ್ರತಿಗಳನ್ನು ಒಳಗಿಟ್ಟರು. ನನ್ನ 80 ರೂಪಾಯಿ ಮಾತ್ರ ವಾಪಸ್ ಬರಲಿಲ್ಲ.