ಬಾಳೆನಾರಿನಲ್ಲಿ ಅಳೆದ ವಿಮಾನದ ದಾರಿ

ಮಗಳು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಶಂಕರಪುರದ ನಮ್ಮ ಜಗಲಿಗೆ ಬಂದವರೆಲ್ಲ ಕೇಳುವುದು ಒಂದೇ: "ಎಷ್ಟು ದೂರ ಅಕ್ಕ? ಎಷ್ಟು ಹೊತ್ತು ಬೇಕು?" ಫೋನಿನಲ್ಲಿ ನೋಡಬಹುದು, ಸರಿ. ನಾನು ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲೇ ಅಳೆದು ತೋರಿಸುತ್ತೇನೆ.

ಮಕ್ಕಳ ಗ್ಲೋಬ್ ಒಂದಿದ್ದರೆ ಸಾಕು. ನಾರನ್ನು ಒದ್ದೆ ಮಾಡಿಕೊಳ್ಳಿ, ಒಣಗಿದ್ದು ಪಟಕ್ಕನೆ ತುಂಡಾಗುತ್ತದೆ. ಮೊದಲು ಗ್ಲೋಬಿನ ನಡುವಿಗೆ, ಸಮಭಾಜಕ ರೇಖೆಯ ಮೇಲೆ, ಒಂದು ಸುತ್ತು ಹಾಕಿ ಅಳೆಯಿರಿ. ನಮ್ಮದಕ್ಕೆ 64 ಸೆಂಟಿಮೀಟರ್ ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 625.

ಈಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಾರನ್ನು ಬಿಗಿಯಾಗಿ ಎಳೆಯಿರಿ. ಶಾಂತ ಸಾಗರದ ನಡುವೆ ಅದು ನಿಲ್ಲುವುದೇ ಇಲ್ಲ. ಜಾರುತ್ತಾ ಉತ್ತರಕ್ಕೆ ಹೋಗಿ, ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಗೋಡೆಯ ಮ್ಯಾಪಿನಲ್ಲಿ ಸ್ಕೇಲ್ ಇಡಬೇಡಿ ಅನ್ನುವುದು ಇದಕ್ಕೇ. 22 ಸೆಂಟಿಮೀಟರಿಗೆ ಚೂರು ಜಾಸ್ತಿ, ಹತ್ತಿರ ಹತ್ತಿರ 14,000 ಕಿಲೋಮೀಟರ್. ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ 4 ಸೆಂಟಿಮೀಟರೂ ಇಲ್ಲ! ಸುಮಾರು 2,450 ಕಿಲೋಮೀಟರ್ ಅಷ್ಟೆ.

ವಿಮಾನ ಗಂಟೆಗೆ ಸುಮಾರು 850 ಕಿಲೋಮೀಟರ್ ಹೋಗುತ್ತದೆ ಅಂತ ಇಟ್ಟುಕೊಂಡು ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ದುಬೈಗೆ ಮೂರೂವರೆ ಗಂಟೆ, ಸ್ಯಾನ್ ಫ್ರಾನ್ಸಿಸ್ಕೋಗೆ 17. 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳೇ ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ, ಎಲ್ಲೂ ಇಳಿಸದೆ, ವಿಮಾನ ತಂದರಲ್ಲ, ಆಗಲೂ ಹೆಚ್ಚುಕಡಿಮೆ ಅಷ್ಟೇ ಹಿಡಿದಿತ್ತು. ನೇರ ವಿಮಾನ ಇಲ್ಲದಿದ್ದರೆ ಎರಡು ತುಂಡು ಮಾಡಿ ಅಳೆದು, ನಡುವೆ ಕಾಯುವ ಹೊತ್ತನ್ನೂ ಕೂಡಿಸಬೇಕು.

ಜನ ಎಡವುವುದು ಟಿಕೆಟ್ ನೋಡುವಾಗ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುವುದು ಎಂದು ಇದೆ ಅಂತಿಟ್ಟುಕೊಳ್ಳಿ. ಮೂರೇ ಗಂಟೆಯಾ? ಅಲ್ಲ. ಎರಡೂ ಆಯಾ ಊರಿನ ಗಡಿಯಾರದ ಸಮಯ. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಇಳಿಯುವ ಸಮಯಕ್ಕೆ ಅದನ್ನು ಕೂಡಿಸಿ ನಮ್ಮ ಗಡಿಯಾರಕ್ಕೆ ತನ್ನಿ. ಚಳಿಗಾಲವಾದರೆ ಹದಿನಾರೂವರೆ ಗಂಟೆ ಸಿಗುತ್ತದೆ. ನಮ್ಮ ಮನೆಯವರು ಕೂಡಿಸುವ ಬದಲು ಕಳೆದು, ಮಗಳು ಇನ್ನೂ ಆಕಾಶದಲ್ಲಿದ್ದಾಗ ಏಳು ಸಲ ಫೋನ್ ಮಾಡಿದ್ದರು.

ಮನೆಯಿಂದ ಮನೆಗೆ ಲೆಕ್ಕ ಬೇರೆಯೇ. ಕಟಪಾಡಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು, 9 ಗಂಟೆ. ಅಲ್ಲಿಂದ ದೇವನಹಳ್ಳಿ, ಮೂರು ಗಂಟೆ ಮೊದಲೇ ಹಾಜರಿ. ಎಲ್ಲ ಸೇರಿ ಅವಳಿಗೆ 34 ಗಂಟೆ ಆಯಿತು. ಮಳೆಗಾಲವಾದರೆ ಸುಮ್ನೆ ಹಿಂದಿನ ದಿನವೇ ಹೊರಡಿ. ಶಿರಾಡಿಯಲ್ಲಿ ಗುಡ್ಡ ಜರಿದು ಬಸ್ಸು ನಿಂತರೆ ವಿಮಾನ ಕಾಯುವುದಿಲ್ಲ.