ಕೊನೆಯ ಬಸ್ ಹೋದ ಮೇಲೆ ನಾಯಕ ಎಲ್ಲಿಗೆ ಹೋಗಬೇಕು?

ಶಿರಸಿ ಹತ್ತಿರದ ನಮ್ಮೂರಿನಲ್ಲಿ ಈ ಸಲ ನಾನೇ ಒಂದು ಅಣಕು ನಾಟಕ ಬರೆದು ಆಡಿಸಿದೆ. ಅಣಕಿಸಿದ್ದು 'ಬಂಗಾರದ ಮನುಷ್ಯ'ವನ್ನು. 1972ರ ಸಿನಿಮಾ, ಸಿದ್ದಲಿಂಗಯ್ಯ ಅವರ ನಿರ್ದೇಶನ, ಊರಿಗೆ ಬಂದು ಬೇಸಾಯ ಹಿಡಿಯುವ ರಾಜೀವನಾಗಿ ರಾಜ್‌ಕುಮಾರ್. ಟಿವಿಯಲ್ಲಿ ಅದು ಬಂದರೆ ನಮ್ಮನೆ ಅಪ್ಪಯ್ಯ ಈಗಲೂ ಎದ್ದು ಹೋಗುವುದಿಲ್ಲ. ನನಗೂ ಅದು ಅಷ್ಟೇ ಇಷ್ಟ. ಇಷ್ಟ ಇಲ್ಲದ ಸಿನಿಮಾವನ್ನು ಅಣಕಿಸಬಾರದು, ಅದು ಬರೀ ಕುಹಕ ಆಗಿಬಿಡುತ್ತದೆ.

ಮೊದಲು ಬರೆದದ್ದು ಕೆಟ್ಟದಾಗಿತ್ತು. ದನಿ ಅನುಕರಣೆ, ಅತಿ ಅಳು, ಅಷ್ಟೇ. ಅಡಿಕೆ ಗೊನೆ ಕೊಯ್ಲಿನ ಸಮಯ, ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರ ಎದುರು ಓದಿದೆ. ಯಾರೂ ಕತ್ತಿಯಿಂದ ತಲೆ ಎತ್ತಲಿಲ್ಲ. ಒಂದೇ ಒಂದು ಮಾತಿಗೆ ಮಾತ್ರ ಎಲ್ಲರೂ ಒಟ್ಟಿಗೆ ನಕ್ಕರು. ನಾಯಕ ಪೇಟೆ ಬಿಟ್ಟು ಊರಿಗೆ ಬಂದಾಗ ಪಕ್ಕದ ಮನೆ ಅಜ್ಜ ಕೇಳುವ ಮಾತು: "ಎಂತಕ್ ಬಂದ್ಯೋ ತಮಾ? ಕೆಲ್ಸ ಹೋತನಾ?"

ದಾರಿ ಸಿಕ್ಕಿದ್ದು ಅಲ್ಲಿ. ಆ ಸಿನಿಮಾ ನೋಡಿ ಓದಿದ ಹುಡುಗರು ಊರಿಗೆ ಬಂದು ಬೇಸಾಯ ಹಿಡಿದರು ಅಂತ ಇವತ್ತಿಗೂ ಹೇಳುತ್ತಾರೆ. ನಮ್ಮ ಕಡೆ ಈಗ ಅಡಿಕೆ ತೋಟದ ಮನೆಗಳಲ್ಲಿ ಇಬ್ಬರೇ ಮುದುಕರು, ಮಕ್ಕಳೆಲ್ಲ ಬೆಂಗಳೂರು. ಊರಲ್ಲೇ ಇರುವ ಮಾಣಿಗೆ ಹೆಣ್ಣು ಸಿಗುವುದಿಲ್ಲ. ಹಾಗಾಗಿ ಸಿನಿಮಾವನ್ನು ಬಿಟ್ಟು, ಸಿನಿಮಾಕ್ಕೂ ನಮಗೂ ನಡುವೆ ಇರುವ ದೂರವನ್ನು ಅಣಕಿಸಲು ಕೂತೆ. ಪೂರ್ತಿ ಹೊಸದಾಗಿ ಬರೆದೆ.

ಸಿನಿಮಾದಲ್ಲಿ ಹಳೆಯ ನೆನಪು ತೋರಿಸುವುದು ಸುಲಭ, ರಂಗದ ಮೇಲೆ ಕಷ್ಟ. ನಾವು ಯಕ್ಷಗಾನದ ತೆರೆ ತಂದೆವು. ನಾಯಕನ ಆಯಿ, ಅಂದರೆ ತಾಯಿ, "ಆ ಕಾಲದಲ್ಲಿ..." ಅಂದ ತಕ್ಷಣ ಇಬ್ಬರು ಓಡಿ ಬಂದು ತೆರೆ ಹಿಡಿಯುತ್ತಾರೆ, ಅದರ ಹಿಂದಿನಿಂದ ಹಳೆಯ ಕಾಲ ಬರುತ್ತದೆ. ಎರಡನೇ ಸಲವೂ ಹಾಗೇ. ಮೂರನೇ ಸಲ ಆಯಿ ಬಾಯಿ ತೆರೆಯುವ ಮೊದಲೇ ತೆರೆ ಬಂದು ನಿಲ್ಲುತ್ತದೆ. ಆಗ ಆಯಿ, "ಇಲ್ಯೋ, ಆನು ಆಸ್ರಿಗೆ ಕೇಳಲೆ ಬಂದಿದ್ದು" ಅನ್ನಬೇಕು, ಅಂದರೆ ಕುಡಿಯಲು ಏನು ಬೇಕು ಅಂತ ಕೇಳಲು ಬಂದದ್ದು ಅಷ್ಟೇ. ಇದನ್ನು ನಾಲ್ಕನೇ ಸಲ ಮಾಡಬೇಕು ಅಂತ ಹುಡುಗರಿಗೆ ಆಸೆ ಇತ್ತು, ನಾನು ಬಿಡಲಿಲ್ಲ. ಮೂರಕ್ಕೇ ನಿಲ್ಲಿಸಿದ್ದು ಸರಿಯಾಯ್ತು.

ತಾಲೀಮಿನಲ್ಲಿ ನಾನು ಹಠ ಹಿಡಿದದ್ದು ಒಂದೇ ವಿಷಯಕ್ಕೆ. ರಂಗದ ಮೇಲೆ ಇರುವವರಿಗೆ ತಾವು ಹಾಸ್ಯ ಮಾಡುತ್ತಿದ್ದೇವೆ ಅಂತ ಗೊತ್ತಿರಬಾರದು. ನಾಯಕ ನಿಜವಾಗಿ ಅಳಬೇಕು. ನಟ ಸ್ವಲ್ಪ ತುಟಿ ಅರಳಿಸಿದರೂ ಜನ ನಗುವುದು ನಿಲ್ಲಿಸುತ್ತಾರೆ, ಸುಮ್ನೆ ನೋಡುತ್ತಾ ಕೂರುತ್ತಾರೆ. ಇದಕ್ಕೇ ಎರಡು ವಾರ ಜಾಸ್ತಿ ಹೋಯಿತು.

ಹಾಡಿಗೆ ಸಿನಿಮಾದ ಮಟ್ಟು ಬಳಸಲಿಲ್ಲ. 1957ರ ಕಾಪಿರೈಟ್ ಕಾಯ್ದೆ ವಿಮರ್ಶೆಗಾಗಿ ಒಂದಿಷ್ಟು ಬಳಸಲು ಬಿಡುತ್ತದೆ, ಆದರೆ ಅಣಕ ಅನ್ನುವ ಹೆಸರು ಅದರಲ್ಲಿ ಇಲ್ಲ. ನಮ್ಮ ಭಾಗವತರೇ ಹೊಸ ಮಟ್ಟು ಹಾಕಿಕೊಟ್ಟರು, ಮದ್ದಳೆ ಜೊತೆಗೆ ಅದು ಚೆನ್ನಾಗಿಯೇ ಕೂತಿತು.

ಮೊದಲ ಪ್ರದರ್ಶನದಲ್ಲಿ ಅರ್ಧ ಗಂಟೆ ಕಾಲ, ಹಿಂದಿನ ಸಾಲಿನ ಮಕ್ಕಳು ಸಪ್ಪೆ ಮುಖ ಹಾಕಿ ಕೂತಿದ್ದರು. ಅವರು ಸಿನಿಮಾನೇ ನೋಡಿಲ್ಲ ಅಲ್ವಾ! ಎರಡನೇ ಪ್ರದರ್ಶನಕ್ಕೆ ಒಬ್ಬ ಮೊಮ್ಮಗನನ್ನು ಸೇರಿಸಿದೆ. ಅವನಿಗೂ ಏನೂ ಗೊತ್ತಿಲ್ಲ, ಎಲ್ಲದಕ್ಕೂ "ಎಂತಕ್ಕೆ?" ಅಂತ ಕೇಳುತ್ತಾನೆ. ಅಜ್ಜಿ ಹೇಳುವ ಉತ್ತರದಲ್ಲೇ ಕಥೆ ಎಲ್ಲರಿಗೂ ತಿಳಿಯುತ್ತದೆ. ಮಕ್ಕಳು ಆಮೇಲೆ ಅವನ ಜೊತೆಗೇ ಕೂಗತೊಡಗಿದರು.

ಕೊನೆಯ ದೃಶ್ಯ. ಸಿನಿಮಾದಲ್ಲಿ ರಾಜೀವ ಎಲ್ಲ ಬಿಟ್ಟು ಹೊರಟುಹೋಗುತ್ತಾನೆ. ನಮ್ಮವನೂ ಮಾತು ಕೇಳಿ ನೊಂದು ಹೆಗಲಿಗೆ ಚೀಲ ಹಾಕಿ ಹೊರಡುತ್ತಾನೆ. ಭಾಗವತರು ಹಾಡುತ್ತಾರೆ. ಎರಡು ನಿಮಿಷಕ್ಕೆ ವಾಪಸ್ ಬರುತ್ತಾನೆ. ಶಿರಸಿಗೆ ಹೋಗುವ ಕೊನೆಯ ಬಸ್ ಹೋಗಿಬಿಟ್ಟಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆಯಿ ಏನೂ ಹೇಳದೆ ಒಳಗೆ ಹೋಗಿ, ಮುಚ್ಚಿಟ್ಟಿದ್ದ ಊಟದ ಬಟ್ಟಲು ತಂದು ಮುಂದಿಡುತ್ತಾಳೆ. ಅಲ್ಲಿ ಮಾತು ಬೇಡ, ಹಾಡೂ ಬೇಡ ಅಂತ ನಾನು ಹೇಳಿದ್ದೆ. ನಗು ಅಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪಯ್ಯ ಹೆಗಲ ಮೇಲಿನ ಪಂಚೆ ತೆಗೆದು ಕಣ್ಣೊರೆಸಿಕೊಂಡರು. ಅವನು ಉಣ್ಣುತ್ತಿದ್ದಾಗಲೇ ದೀಪ ಆರಿಸಿದೆವು.